ಹೆಗ್ಗಣದ ಮುಂದೆ ಮಾತಾಡಬಾರದು

ಈ ಬರಹವನ್ನು ದಯವಿಟ್ಟು ಮನಸ್ಸಿನಲ್ಲೇ ಓದಿಕೊಳ್ಳಿ, ಗಟ್ಟಿಯಾಗಿ ಓದಬೇಡಿ. ನಿಮ್ಮ ಮನೆಯ ಸುತ್ತ ಯಾರ್ಯಾರು ಬಿಲ ತೋಡಿಕೊಂಡು ಕಿವಿಗೊಟ್ಟು ಕೂತಿದ್ದಾರೋ ನನಗೆ ಗೊತ್ತಿಲ್ಲ. ಇಲಿ, ಹೆಗ್ಗಣಗಳನ್ನು ಹಿಡಿಯುವ ವಿಚಾರವನ್ನು ಅವುಗಳಿಗೆ ಕೇಳಿಸುವಂತೆ ಆಡಬಾರದು ಎಂದು ನಮ್ಮ ಕಡೆ ಒಂದು ನಂಬಿಕೆ. ಬೋನು ತಂದರೆ ‘ಬೋನು ತಂದೆ’ ಎನ್ನುವಂತಿಲ್ಲ. ಚೀಲದಿಂದ ತೆಗೆದು ಏನೂ ಆಗಿಲ್ಲವೆಂಬಂತೆ ಮೂಲೆಗಿಡಬೇಕು. ಬಾಯಿಬಿಟ್ಟರೆ ಅವು ಬೋನಿನ ಹತ್ತಿರ ಸುಳಿಯುವುದಿರಲಿ, ಸಿಟ್ಟಿಗೆದ್ದು ಬೀರುವಿನಲ್ಲಿರುವ ಅತ್ಯಂತ ಒಳ್ಳೆಯ ಸೀರೆಯನ್ನೇ ಹುಡುಕಿ ಕತ್ತರಿಸುತ್ತವಂತೆ. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಬೋನು ತಂದ ದಿನ ನಾನೂ ತುಟಿ ಬಿಚ್ಚಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ನಿವೃತ್ತ ಪಿ.ಟಿ. ಮೇಷ್ಟ್ರು. ಸವಳಂಗ, ನ್ಯಾಮತಿ ಅಂತ ಸುತ್ತಾಡಿ ಕೊನೆಗೆ ಹೊನ್ನಾಳಿಯಲ್ಲಿ ಮನೆ ಕಟ್ಟಿಸಿ ನೆಲೆ ನಿಂತವನು. ಮೂವತ್ತೊಂದು ವರ್ಷ ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ, ಎಡಗಾಲು ಬಲಗಾಲು ಎಂದು ಕೂಗಿ ನಡೆಸಿದ್ದೇನೆ. ಜ್ವರ ಬಂದವರನ್ನೂ, ಜ್ವರ ಬಂದಿದೆ ಎಂದು ಸುಳ್ಳು ಹೇಳಿದವರನ್ನೂ ನಡೆಸಿದ್ದೇನೆ. ಅಂಥ ನನ್ನ ಕೈಯಲ್ಲಿ ನನ್ನ ಹೆಂಡತಿ ರತ್ನಾಳನ್ನು ಹತ್ತು ಹೆಜ್ಜೆ ನಡೆಸುವುದು ಆಗಲಿಲ್ಲ. ಆಕೆಗೆ ದಾವಣಗೆರೆಯಲ್ಲಿ ಮಂಡಿ ಆಪರೇಷನ್ ಆಯಿತು. ಆಪರೇಷನ್ ಏನೋ ಚೆನ್ನಾಗೇ ಆಯಿತು. ಆದರೆ ಆಸರೆಗೆ ಕೊಟ್ಟ ನಾಲ್ಕು ಕಾಲಿನ ವಾಕರ್ ಇತ್ತಲ್ಲ, ಅದನ್ನು ಆಕೆ ಬಿಡಲೇ ಇಲ್ಲ. ತಿಂಗಳು ಮೂರು ಕಳೆದರೂ ಅದಿಲ್ಲದೆ ಒಂದು ಹೆಜ್ಜೆ ಇಡಲೊಲ್ಲಳು. ಡಾಕ್ಟರು ಸ್ಪಷ್ಟವಾಗಿ ಹೇಳಿದರು: “ನೋಡಿ ಮೇಷ್ಟ್ರೇ, ಕಾಲಲ್ಲಿ ಏನೂ ದೋಷ ಇಲ್ಲ. ಇರೋದೆಲ್ಲ ಭಯ. ಇನ್ನು ಮೂರು ತಿಂಗಳಲ್ಲಿ ವಾಕರ್ ಬಿಡಿಸದಿದ್ದರೆ ಆಮೇಲೆ ಬಿಡಿಸೋದು ಕಷ್ಟ. ಜೀವನಪೂರ್ತಿ ಅದೇ ಗತಿ.” ಆ ಮಾತು ಕೇಳಿ ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಮದುವೆಯಾದ ಹೊಸತರಲ್ಲಿ ಜಗಳೂರಿನಿಂದ ಅವಳ ತವರು ಸೊಕ್ಕೆಗೆ ಬಸ್ಸು ತಪ್ಪಿ ನಡೆದೇ ಹೊರಟಾಗ, ನಾನು ಏದುಸಿರು ಬಿಡುತ್ತ ಹಿಂದೆ ಬಿದ್ದರೆ ಅವಳು ಸೀರೆ ಎತ್ತಿ ಕಟ್ಟಿ ಮುಂದೆ ಮುಂದೆ ಹೋಗುತ್ತಿದ್ದಳು. ಆ ಕಾಲುಗಳೇ ಇವು.

ರಸ್ತೆಯಲ್ಲಿ ನಡೆಯಲು ಆಕೆಗೆ ನಾಚಿಕೆ, ಟೆರೇಸಿಗೆ ಹತ್ತಲು ಆಗದು. ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಮನೆ ಮುಂದಿನ ಖಾಲಿ ಜಾಗದಲ್ಲಿ ಹುಲ್ಲು ಬೆಳೆಸಿದರೆ ಮೆತ್ತಗಿರುತ್ತದೆ, ಬಿದ್ದರೂ ಪೆಟ್ಟಾಗುವುದಿಲ್ಲ, ಭಯ ಹೋಗುತ್ತದೆ. ಶಿವಮೊಗ್ಗದ ನರ್ಸರಿಯಿಂದ ಚಾಪೆಯಂತೆ ಸುತ್ತಿದ ಹುಲ್ಲು ತರಿಸಿದೆ. ಅದನ್ನು ಹಾಸುವಾಗ ರತ್ನಾ ಜಗುಲಿಯ ಮೇಲೆ ಕೂತು, ಗಲ್ಲಕ್ಕೆ ಕೈ ಹಚ್ಚಿ ನೋಡಿದಳು. “ನಮ್ಮ ಸೊಕ್ಕ್ಯಾಗೆ ಹುಲ್ಲು ಕೀಳಾಕೆ ಆಳು ಕರೀತಾರೆ, ನೀವು ಹುಲ್ಲು ಹಚ್ಚಾಕೆ ಆಳು ಕರ್ದೀರಲ್ರೀ! ನಮ್ಮವ್ವ ಇದ್ದಿದ್ರೆ ಒಂದು ಕುಡುಗೋಲು ತಗಂಡು ಇಳೀತಿದ್ಲು” ಎಂದಳು. ನಾನು ಅವಮಾನ ನುಂಗಿಕೊಂಡು ನೀರು ಹಾಯಿಸಿದೆ. ತಿಂಗಳಲ್ಲಿ ಹುಲ್ಲು ಎಷ್ಟು ಸೊಗಸಾಗಿ ಹಬ್ಬಿತೆಂದರೆ, ನಾನು ಚಪ್ಪಲಿ ಕಳಚಿ ಅದರ ಮೇಲೆ ಹಿಂದೆ ಮುಂದೆ ನಡೆದು ಆಕೆಗೆ ಆಸೆ ಹುಟ್ಟಿಸಲು ನೋಡುತ್ತಿದ್ದೆ. ಆಕೆ “ಚೆಂದ ಐತೆ, ನೀವೇ ನಡೀರಿ” ಎನ್ನುತ್ತಿದ್ದಳು.

ಇಷ್ಟರಲ್ಲಿ ಹೆಗ್ಗಣಗಳು ಬಂದವು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಟ್ಟನಡುವೆ ತೆಂಗಿನಕಾಯಿ ಹಿಡಿಸುವಷ್ಟು ಬಿಲ, ಪಕ್ಕದಲ್ಲಿ ಒಂದು ಪುಟ್ಟಿ ಮಣ್ಣಿನ ಗುಡ್ಡೆ. ಮಾರನೆಯ ದಿನ ಕಾಂಪೌಂಡಿನ ಹತ್ತಿರ ಇನ್ನೊಂದು. ಅದರಾಚೆ ದಿನ ಮೆಟ್ಟಿಲ ಬುಡದಲ್ಲಿ ಮತ್ತೊಂದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನಮ್ಮ ಹುಲ್ಲಿನಡಿ ಎಷ್ಟು ಹೆತ್ತವರು ಸಂಸಾರ ಹೂಡಿದ್ದರೋ, ವಾರದೊಳಗೆ ಐದು ಬಾಗಿಲು ತೆರೆದವು. ಬರೀ ಹುಲ್ಲು ಹಾಳಾಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಮಂಡಿ ನೆಟ್ಟಗಾಗಬೇಕಾದ ಹೆಂಗಸು ಅಪ್ಪಿತಪ್ಪಿ ಹುಲ್ಲಿಗಿಳಿದು ಬಿಲದಲ್ಲಿ ಕಾಲಿಟ್ಟರೆ ಗತಿಯೇನು? ಭಯ ಬಿಡಿಸಲು ಹಾಸಿದ ಹುಲ್ಲನ್ನು ನೋಡಿ ಈಗ ನನಗೇ ಭಯವಾಗತೊಡಗಿತು.

ಪಕ್ಕದ ಮನೆಯ ಹಾಲೇಶಪ್ಪ ವೈರಿಂಗ್ ಕೆಲಸದವನು. ಕರೆಂಟಿನ ಬಗ್ಗೆ ಬಿಟ್ಟು ಬೇರೆಲ್ಲ ವಿಷಯಗಳಲ್ಲೂ ಸಲಹೆ ಕೊಡುವುದು ಅವನಿಗೆ ಇಷ್ಟ. “ಒಣಮೆಣಸಿನಕಾಯಿ ಹೊಗೆ ಹಾಕ್ರಿ ಮೇಷ್ಟ್ರೇ, ಬಾಲ ಎತ್ಗಂಡು ಓಡ್ತಾವೆ” ಎಂದ. ಹಾಕಿದೆ. ಹೊಗೆ ಬಿಲದೊಳಗೆ ಹೋಗಲು ಒಪ್ಪದೆ ನೇರವಾಗಿ ಜಗುಲಿಗೆ ಬಂತು. ನಾನು, ರತ್ನಾ, ಹಾಲೇಶಪ್ಪ, ಹಾಲು ಹಾಕಲು ಬಂದಾಕೆ, ನಾಲ್ವರೂ ಕೆಮ್ಮಿ ಕೆಮ್ಮಿ ಕಣ್ಣೀರಿಟ್ಟೆವು. ಹೆಗ್ಗಣದ ಕೆಮ್ಮು ಮಾತ್ರ ಕೇಳಿಸಲಿಲ್ಲ. ನುಸಿಗುಳಿಗೆ ಹಾಕಿದೆ, ಮಾರನೇ ದಿನ ಅವನ್ನು ಮಣ್ಣಿನ ಜೊತೆ ಹೊರಗೆ ತಳ್ಳಿದ್ದವು, ಒಂದೂ ಕಡಿಮೆಯಾಗಿರಲಿಲ್ಲ. ಎರಡು ತಾಸು ಪೈಪಿನಲ್ಲಿ ನೀರು ಬಿಟ್ಟೆ, ಅದು ಹಾಲೇಶಪ್ಪನ ಕಾಂಪೌಂಡಿನಲ್ಲಿ ಹೊರಬಂತು. ಅಂದಿನಿಂದ ಅವನ ಸಲಹೆಗಳು ನಿಂತವು. ವಿಷದ ಮಾತೆತ್ತಿದ್ದಕ್ಕೆ ರತ್ನಾ ಕೆಂಡವಾದಳು. “ಗಣಪ್ಪನ ಮನಿ ವಾಹನ ಅವು. ವಿಷಗಿಷ ಅಂದ್ರೆ ನಾನು ಈ ಮನ್ಯಾಗೆ ಒಲೀ ಹಚ್ಚಲ್ಲ ನೋಡ್ರಿ” ಎಂದಳು. ಗಣಪ್ಪನಿಗೆ ಒಂದು ವಾಹನ ಸಾಕಲ್ಲ, ಇಷ್ಟು ಯಾಕೆ ಎಂದು ಕೇಳಬೇಕೆನಿಸಿತು. ಒಲೆಯ ಪ್ರಶ್ನೆ ಇದ್ದುದರಿಂದ ಕೇಳಲಿಲ್ಲ.

ಉಳಿದದ್ದು ಬೋನು. ಒಂದು ಸಂಜೆ ಪೇಟೆಯಿಂದ ದೊಡ್ಡ ತಂತಿ ಬೋನನ್ನು ಗೋಣಿಚೀಲದಲ್ಲಿ ಮುಚ್ಚಿ ತಂದೆ. ರತ್ನಾ ಚೀಲ ನೋಡಿದಳು, ನನ್ನ ಮುಖ ನೋಡಿದಳು, ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಹಾಗೆ ಶುರುವಾಯಿತು ನಮ್ಮ ಮನೆಯ ಮೌನ. ಬಿಸಿ ಮೆಣಸಿನಕಾಯಿ ಬಜ್ಜಿಯನ್ನು ಕೊಕ್ಕೆಗೆ ಸಿಕ್ಕಿಸಿ ನಡುವಿನ ಬಿಲದ ಬಾಯಿಗೆ ಇಟ್ಟೆ. ಮೊದಲ ದಿನ ಅದರಲ್ಲಿ ಹಾಲೇಶಪ್ಪನ ಬೆಕ್ಕು ಸಿಕ್ಕಿತು. ಎರಡನೆಯ ದಿನ ಕಪ್ಪೆ. ಆಮೇಲೆ ಹದಿನೈದು ದಿನ ಬಜ್ಜಿಗಳು ಇಟ್ಟಲ್ಲೇ ಒಣಗಿದವು. ಹೊನ್ನಾಳಿಯಲ್ಲಿ ಬಜ್ಜಿ ಬೇಡವೆನ್ನುವ ಜೀವವೊಂದು ಇದೆ ಎಂದು ನನಗೆ ಆಗಲೇ ತಿಳಿದದ್ದು. ಇನ್ನೂ ವಿಚಿತ್ರವೆಂದರೆ ಹೆಗ್ಗಣಗಳು ದಿನೇ ದಿನೇ ಮೈತುಂಬಿಕೊಳ್ಳುತ್ತಿದ್ದವು. ಸಂಜೆ ಕಾಂಪೌಂಡಿನ ಮಗ್ಗುಲಲ್ಲಿ ಓಡುವಾಗ ನೋಡಿದರೆ, ಓಟವೂ ಅಲ್ಲ, ಊಟ ಮಾಡಿ ಹೊರಟ ಬೀಗರ ನಡಿಗೆ. ಬಜ್ಜಿ ಮುಟ್ಟದೆ ಇವು ಏನು ತಿಂದು ಹೀಗೆ ಕೊಬ್ಬಿದವು ಎಂದು ರತ್ನಾಳ ಹತ್ತಿರ ಚರ್ಚಿಸಬೇಕೆಂದರೆ, ಬಾಯಿ ಬಿಡುವಂತಿಲ್ಲ. ಡಾಕ್ಟರು ಕೊಟ್ಟ ಗಡುವಿಗೆ ಮೂರು ವಾರ ಉಳಿದಿತ್ತು. ವಾಕರ್ ಜಗುಲಿಯ ಮೇಲೆ ಟಕ್ ಟಕ್ ಎನ್ನುತ್ತಲೇ ಇತ್ತು. ಆ ಸದ್ದು ಕೇಳಿದಾಗಲೆಲ್ಲ ನಾನು ಕ್ಯಾಲೆಂಡರಿನ ಮುಂದೆ ನಿಂತು ಉಳಿದ ದಿನ ಎಣಿಸುತ್ತಿದ್ದೆ.

ಬೆಳಿಗ್ಗೆ ಆರಕ್ಕೆ ತುಂಗಭದ್ರೆಯ ಸೇತುವೆವರೆಗೆ ನಡೆದು ಬರುವುದು ನನ್ನ ಹಳೆಯ ಅಭ್ಯಾಸ. ಒಂದು ದಿನ ಅರ್ಧ ದಾರಿಯಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ವಾಪಸು ಬಂದೆ. ಬರಿಗಾಲಾದ್ದರಿಂದ ಸದ್ದಿರಲಿಲ್ಲ. ಗೇಟಿನ ಹತ್ತಿರ ಬಂದವನು ಹಾಗೇ ನಿಂತುಬಿಟ್ಟೆ. ವಾಕರ್ ಜಗುಲಿಯ ಮೇಲೆ ಒಂಟಿಯಾಗಿ ನಿಂತಿತ್ತು, ಅದರ ಮೇಲೆ ಒದ್ದೆ ಟವಲ್ಲು ಹರವಿತ್ತು. ರತ್ನಾ ಹುಲ್ಲಿನ ನಡುವೆ ಇದ್ದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಸೀರೆಯ ನಿರಿಗೆ. ಒಂದು ಬಿಲದ ಹತ್ತಿರ ನಿಂತು, ತಟ್ಟೆಯಿಂದ ಏನನ್ನೋ ಮುರಿದು ಹಾಕಿ, ಬಳಸಿಕೊಂಡು ಮುಂದಿನದಕ್ಕೆ ಹೋದಳು. ಎಲ್ಲೆಲ್ಲಿ ಬಿಲವಿದೆ, ಎಲ್ಲಿ ನೆಲ ಟೊಳ್ಳಾಗಿದೆ ಎಂಬುದೆಲ್ಲ ಆಕೆಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿತ್ತು. ಕೂಗಿದರೆ ಬೆಚ್ಚಿ ಬಿದ್ದಾಳೆಂದು ನಾನು ಗೇಟು ಹಿಡಿದು ನಿಂತೆ. ಐದೂ ಬಿಲಗಳ ಪ್ರದಕ್ಷಿಣೆ ಮುಗಿಯುವ ಹೊತ್ತಿಗೆ ನನ್ನ ಕಣ್ಣಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅತ್ತುಬಿಟ್ಟೆ ಎಂದೇ ಹೇಳುತ್ತೇನೆ, ಧೂಳು ಬಿತ್ತು ಎಂದು ಸುಳ್ಳು ಹೇಳುವುದಿಲ್ಲ.

ಆಕೆ ತಿರುಗಿ ನನ್ನನ್ನು ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತುಟಿಗೆ ಬೆರಳಿಟ್ಟಳು. “ಸುಮ್ನಿರ್ರಿ! ಕೇಳಿಸ್ಕಂತಾವೆ.”

ಅಡುಗೆಮನೆಗೆ ಹೋಗಿ, ಬಾಗಿಲು ಹಾಕಿ, ಕುಕ್ಕರಿನ ಸದ್ದಿನ ಮರೆಯಲ್ಲಿ ನಾವು ಮಾತಾಡಿದೆವು.

“ಎಷ್ಟು ದಿನ ಆಯ್ತು ಇದು?”

“ನೀವು ಆ ಚೀಲ ತಂದ್ರಲ್ಲ, ಅದರ ಮರುದಿನದಿಂದ. ನಮ್ಮವ್ವ ಕಣದಾಗೆ ರಾಶಿ ಮಾಡುವಾಗ ಮೊದಲ್ನೇ ಮೊರ ಬದುವಿನ ಬಿಲಕ್ಕೆ ಹಾಕಿ ಬರಾಕಿ, ಯಾರಿಗೂ ಹೇಳದಂಗೆ. ಹೊಟ್ಟೆ ತುಂಬಿದ್ರೆ ಅವು ಯಾಕ್ ಕೆದರ್ತಾವೆ ಹೇಳ್ರಿ? ನೀವು ದಿನಾ ಎದ್ದು ಆ ಬಿಲ ನೋಡಿ ಮಾರಿ ಸಣ್ಣ ಮಾಡ್ಕಂಡು ಕೂರ್ತಿದ್ರಿ. ನನಗೋಸ್ಕರ ಹಾಕ್ಸಿದ ಹುಲ್ಲು. ನೋಡಾಕಾಗ್ಲಿಲ್ಲ.”

“ವಾಕರ್?”

“ಮೊದಲ್ನೇ ದಿನ ಹಿಡ್ಕಂಡೇ ಹೋದೆ. ಅದರ ಕಾಲು ಬಿಲದಾಗೆ ಸಿಗಾಕ್ಕಂತು. ಅಲ್ಲದೆ ತಟ್ಟೆ ಹಿಡಿಯಾಕೆ ಕೈ ಬ್ಯಾಡೇನ್ರೀ? ಬಾಯಾಗೆ ಕಚ್ಚಿಕಂಡು ಹೋಗಾಕೆ ಆಗ್ತೈತಾ? ಅದಕ್ಕೆ ಅದನ್ನ ಅಲ್ಲೇ ಬಿಟ್ಟು ಹೋದೆ. ಆಮೇಲೆ ಹೆಂಗೋ ರೂಢಿ ಆತು.”

“ಮತ್ತೆ ನನ್ನ ಮುಂದೆ ಟಕ್ ಟಕ್ ಅಂತ ಓಡಾಡ್ತಿದ್ದೆಯಲ್ಲ?”

“ಬಿಟ್ಟು ನಡದ್ರೆ ಎಲ್ಲಿಗೆ ನಡದೆ, ಯಾಕೆ ನಡದೆ ಅಂತ ಕೇಳ್ತಿದ್ರಿ. ಹೇಳಬೇಕಾಗ್ತಿತ್ತು. ಹೇಳಬಾರ್ದಲ್ಲ!”

ದಿನಾ ಬೆಳಿಗ್ಗೆ ರತ್ನಾಳ ತಟ್ಟೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು ತೇಗುವ ಹೆಗ್ಗಣಕ್ಕೆ ಹಿಂದಿನ ದಿನದ ಬಜ್ಜಿ ಯಾವ ಲೆಕ್ಕ? ಅತ್ತ ನಾನು ಅವುಗಳಿಗೆ ಕೇಳಬಾರದೆಂದು ಬೋನು ಇಡುವುದು, ಇತ್ತ ಆಕೆ ಅವುಗಳಿಗೆ ಕೇಳಬಾರದೆಂದು ಊಟ ಇಡುವುದು. ಒಂದೇ ಮನೆಯಲ್ಲಿ, ಒಂದೇ ಬಿಲಕ್ಕೆ, ಗಂಡ ಹೆಂಡತಿ ಹದಿನೈದು ದಿನ ಗುಟ್ಟಾಗಿ ದುಡಿದಿದ್ದೆವು. ಅಂದೇ ಬೋನನ್ನು ಹಾಲೇಶಪ್ಪನಿಗೆ ಕೊಟ್ಟುಬಿಟ್ಟೆ. ಈಗ ನನ್ನ ಚಿಂತೆ ಉಲ್ಟಾ ಆಗಿದೆ. ಹೆಗ್ಗಣಗಳು ಎಲ್ಲಾದರೂ ಮನೆ ಬದಲಿಸಿದರೆ ರತ್ನಾಳ ನಡಿಗೆ ನಿಂತೀತೆಂದು, ಯಾವುದಾದರೂ ಬಿಲದ ಮುಂದೆ ಹೊಸ ಮಣ್ಣು ಕಾಣದಿದ್ದರೆ ಬಗ್ಗಿ ನೋಡುತ್ತೇನೆ.

ಗಡುವಿನ ದಿನ ದಾವಣಗೆರೆಗೆ ಹೋದೆವು. ರತ್ನಾ ಕೈಬೀಸಿಕೊಂಡು ಒಳಗೆ ನಡೆದದ್ದನ್ನು ಕಂಡು ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. “ಏನಮ್ಮಾ ಇದು! ಯಾರು ಮಾಡಿಸಿದ್ದು ವ್ಯಾಯಾಮ?” ಎಂದರು. ರತ್ನಾ ನನ್ನ ಕಡೆ ನೋಡಿದಳು. ಸತ್ಯ ಹೇಳಲು ನನಗೆ ಪೂರ್ತಿ ಅವಕಾಶವಿತ್ತು. ಆದರೆ ಆ ಕೋಣೆಯಲ್ಲಿ ಒಬ್ಬ ನರ್ಸ್ ಬೇರೆ ಇದ್ದರು, ಮೂವತ್ತೊಂದು ವರ್ಷದ ಸರ್ವಿಸ್ ಬೇರೆ ಇತ್ತು. ಎದೆಯುಬ್ಬಿಸಿ, “ನಾನೇ ಸರ್, ಪಿ.ಟಿ. ಮೇಷ್ಟ್ರಲ್ವಾ” ಎಂದುಬಿಟ್ಟೆ. ಡಾಕ್ಟರು ನನ್ನ ಕೈ ಕುಲುಕಿದರು. “ಹಾಗಾದ್ರೆ ಒಂದು ಉಪಕಾರ ಮಾಡಿ ಮೇಷ್ಟ್ರೇ. ಏನೇನು ಮಾಡಿಸಿದಿರಿ ಅಂತ ಕ್ರಮವಾಗಿ ಒಂದು ಹಾಳೆಯಲ್ಲಿ ಬರೆದು ಕೊಡಿ. ಇಲ್ಲಿ ಬರೋ ಎಲ್ಲಾ ಪೇಷಂಟ್‌ಗಳಿಗೂ ಕೊಡ್ತೀನಿ.” ಬಸ್ಸಿನಲ್ಲಿ ಹೊನ್ನಾಳಿ ಬರುವವರೆಗೂ ರತ್ನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಲೇ ಇದ್ದಳು.

ಮೂರು ದಿನದಿಂದ ಬಿಳಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದೇನೆ. ‘ಮಂಡಿಯ ವ್ಯಾಯಾಮ’ ಎಂದು ದುಂಡಗೆ ಶೀರ್ಷಿಕೆ ಬರೆದು ಅಡಿಗೆರೆ ಎಳೆದೆ. ಎಷ್ಟು ಯೋಚಿಸಿದರೂ ಬೇರೇನೂ ಹೊಳೆಯದೆ, ಇಂದು ಬೆಳಿಗ್ಗೆ ಕೊನೆಗೂ ಕೆಳಗೆ ಒಂದನೇ ನಂಬರು ಹಾಕಿ ‘ಜೋಳದ ರೊಟ್ಟಿ, ಎರಡು’ ಎಂದು ಬರೆದೆ. ಖಾಲಿ ತಟ್ಟೆ ಹಿಡಿದು ಹುಲ್ಲಿನಿಂದ ಒಳಬಂದ ರತ್ನಾ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. ನಾನು ನಾಚಿಕೆಯಿಂದ ಹಾಳೆಗೆ ಕೈ ಅಡ್ಡ ಇಟ್ಟೆ.

“ಶೇಂಗಾ ಚಟ್ನಿ ಬಿಟ್ಟೀರಿ ನೋಡ್ರಿ” ಎಂದಳು.

ಅದನ್ನೂ ಸೇರಿಸಿದೆ.