ಎಮ್ಮೆಗೂ ಸವಕಳಿ ಹಾಕಿದ ಮಾವ

ಶಿವು, ಭಾಗ್ಯಾ, ನಿಮ್ಮ ಮುತ್ತಜ್ಜ, ಅಂದರೆ ನನ್ನ ಮಾವ, ಮನೆಯನ್ನು ಒಂದು ದಿನವೂ ಮನೆ ಎಂದು ಕರೆದವರಲ್ಲ. ಕಂಪನಿ ಎನ್ನುತ್ತಿದ್ದರು!

ಭೀಮರಾಯನಗುಡಿಯಲ್ಲಿ ಕಾಲುವೆ ಕೆಲಸ ನಡೆದಾಗ ಅವರು ಗುತ್ತೇದಾರರೊಬ್ಬರ ಬಳಿ ಲೆಕ್ಕ ಬರೆಯುತ್ತಿದ್ದರು. ಅಲ್ಲಿ ಕಲಿತದ್ದನ್ನೆಲ್ಲ ಮನೆಗೆ ಹೊತ್ತು ತಂದರು. ಮಾರ್ಚ್ ಮುಗಿಯುವ ದಿನ ನಮ್ಮ ಮನೆಯ ಅಢಾವೆ ಪತ್ರಿಕೆ ಸಿದ್ಧ! ಹಾಳೆಯ ನಡುವೆ ಗೆರೆ. ಬಲಕ್ಕೆ ಆಸ್ತಿ: ಹೊಲ, ಎತ್ತು, ಬೀಸುವ ಕಲ್ಲು. ಎಡಕ್ಕೆ ಹೊಣೆ: ಕಿರಾಣಿ ಬಾಕಿ, ಸೊಸೈಟಿ ಸಾಲ. ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಕೇಳುವವರು ಅತ್ತೆ, ನಿಮ್ಮ ಅಜ್ಜ, ಬಾಗಿಲ ಹಿಂದೆ ನಾನು.

ಬಳಸಿದ್ದು ಸವೆಯುತ್ತದೆ, ವರ್ಷಕ್ಕಿಷ್ಟು ಬೆಲೆ ಇಳಿಸಬೇಕು. ಅದಕ್ಕೆ ಸವಕಳಿ ಎಂದು ಹೆಸರು. ಮಾವ ಎಮ್ಮೆಯನ್ನೂ ಬಿಡಲಿಲ್ಲ. ಇಳಿಸಿ ಇಳಿಸಿ ಒಂದು ಮಾರ್ಚ್‌ನಲ್ಲಿ ಅದರ ಬೆಲೆ ಸೊನ್ನೆಗೆ ಬಂತು. ಅದೇ ವಾರ ಅದು ಕರು ಹಾಕಬೇಕೇ!

"ಏನ್ರೀ, ನಿಮ್ಮ ಸೊನ್ನಿ ಕರ ಹಾಕ್ಯಾದ, ಬರ್ರಿ!" ಅತ್ತೆ ಕೊಟ್ಟಿಗೆಯಿಂದ ಕೂಗಿದರು. "ನನಗೂ ಸವಕಳಿ ಹಾಕೀರೇನು?"

"ನಿನಗ ಹಾಕೋ ಧೈರ್ಯ ನನಗೆಲ್ಲದ?"

ಕಾಲುವೆ ನೀರು ಹತ್ತಲು ಹೊಲ ಸಮ ಮಾಡಿಸಬೇಕಿತ್ತು. ನಾನು ತವರಿನ ಬಂಗಾರದ ಪಾಟಲಿ ಬಳೆ ಬಿಚ್ಚಿಕೊಟ್ಟೆ. ಜೋಳದ ನೆಲದಲ್ಲಿ ಭತ್ತ ನಿಂತಿತು.

ಮರುವರ್ಷ ನಿಮ್ಮ ಅಜ್ಜ ತೀರಿಕೊಂಡರು. ನಿಮ್ಮಪ್ಪ ಆಗಿನ್ನೂ ನಡೆಯಲು ಕಲಿಯುತ್ತಿದ್ದ. ಮಾತಾಡಿಸಲು ಬಂದ ಬಂಧುಗಳು ನನ್ನೆದುರೇ, "ಸೊಸೀನ್ನ ತವರಿಗಿ ಕಳಸ್ರಿ. ಎಷ್ಟ್ ದಿನ ಹೊರ್ತೀರಿ?" ಎಂದರು. ಮಾವ ಎದ್ದು ಕೊಟ್ಟಿಗೆಗೆ ಹೋದರು. ತವರಿನಲ್ಲಿ ಅಣ್ಣನಿಗೇ ಐದು ಮಕ್ಕಳು. ಇಲ್ಲೇ ಇರುತ್ತೇನೆ ಎಂದು ಬಾಯಿ ಬಿಟ್ಟು ಹೇಳುವ ಧೈರ್ಯ ನನಗೆಲ್ಲಿತ್ತು?

ಆ ಮಾರ್ಚ್‌ನಲ್ಲಿ ಕಸ ಗುಡಿಸುವಾಗ ಮಾವನ ಲೆಕ್ಕದ ಹಾಳೆ ಕಣ್ಣಿಗೆ ಬಿತ್ತು. ಅದರಲ್ಲಿ ನನ್ನ ಹೆಸರು! ಎಡಗಡೆ, ಕಿರಾಣಿ ಬಾಕಿಗಿಂತಲೂ ಮೇಲೆ! ಮುಂದಿನದನ್ನು ಕಣ್ಣು ಓದಲಿಲ್ಲ. ಒಳಗೆ ಹೋಗಿ ಟ್ರಂಕಿಗೆ ಮಗುವಿನ ಅಂಗಿ ತುಂಬತೊಡಗಿದೆ.

ಮಾವ ಬಾಗಿಲಿಗೆ ಬಂದರು. "ಯವ್ವಾ, ಎಲ್ಲಿಗಿ ಹೊಂಟಿ?"

"ಎಡಗಡಿ ಬರ್ದೀರಲ್ರಿ, ಮಾವಾರ." ಅವರೆದುರು ನಾನಾಡಿದ ಮೊದಲ ಪೂರ್ತಿ ಮಾತು ಅದು.

"ಹುಚ್ಚಿ! ಎತ್ತು, ಎಮ್ಮಿ ಬಲಕ್ಕ ಬರ್ತಾವ. ಬಂಡವಾಳ ಹಾಕಿದ ಮಾಲಕರ ಹೆಸರು ಎಡಕ್ಕ. ನಿನ್ನ ಪಾಟಲಿ ಆ ಹೊಲದಾಗ ಅದಾವ. ಈ ಮನಿನೇ ನಿನಗ ಕೊಡೋದದ. ನಿನ್ನ ಕಳಸಾಕ ನಾವ್ಯಾರು?"

ಮನೆ ಎಂದರು, ಕಂಪನಿ ಎನ್ನಲಿಲ್ಲ.

"ಹಂಗಾರ ಇನ್ ಮ್ಯಾಲ ಮಾಲಕರು ಚಾ ಮಾಡಂಗಿಲ್ಲೇನು?" ಎಂದರು ಮಾವನ ಹಿಂದೆ ಬಂದು ನಿಂತಿದ್ದ ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

ಮುಂದೆ ಶಹಾಪುರದ ಕಚೇರಿಯಲ್ಲಿ ಕಾಲುವೆ ಕೆಳಗಿನ ಹೊಲ ನನ್ನ ಹೆಸರಿಗಾಯಿತು. ನಿಮ್ಮಪ್ಪ ಓದಿದ್ದು ಅದರ ಭತ್ತದಿಂದ.

ಮಾವನ ಆ ಹಾಳೆಯನ್ನು ನಿಮಗಾಗಿ ಬರೆದ ಈ ಪುಟಗಳ ನಡುವೆ ಮಡಚಿಟ್ಟಿದ್ದೇನೆ. ಅಂಚು ಸವೆದಿದೆ, ನೀವು ಬೆಲೆ ಇಳಿಸಬೇಡಿ. ಇಲಿಗೂ ನೀರಿಗೂ ಸಿಗದಂತೆ ಎಲ್ಲವನ್ನೂ ಜೋಪಾನವಾಗಿಡಿ, ಮಕ್ಕಳೇ.