ಕಲ್ಕತ್ತಕ್ಕೆ ಹೋದ ಏಡಿ

ದಪ್ಪ ಬ್ರಿಸ್ಟಲ್ ಹಾಳೆ ಒಂದಕ್ಕೆ ಒಂದೂಕಾಲು ರೂಪಾಯಿ. ನೀರು ಬಿದ್ದರೂ ಅಳಿಯದ ಇಂಡಿಯನ್ ಇಂಕಿನ ಶೀಶೆಗೆ ಎರಡು. ಕೂದಲೆಳೆಯಂಥ ಗೆರೆ ಬರುವ ನಿಬ್ಬಿಗೆ ಹನ್ನೆರಡಾಣೆ. ಇವನ್ನು ತರಲು ತೆಕ್ಕಟ್ಟೆಯಿಂದ ಮಂಗಳೂರಿಗೆ ಹೋಗಿಬಂದ ಬಸ್ಸಿನ ಖರ್ಚು ಬೇರೆ. ಇಷ್ಟೆಲ್ಲ ಸುರಿದು ಗುಣಪಾಲ ಮಾಸ್ತರರು ಬರೆಯುತ್ತಿದ್ದುದು, ಪುಕ್ಕಟೆ ಕೊಟ್ಟರೂ ಯಾರೂ ಸಾರಿಗೆ ಹಾಕದ, ಹೆಬ್ಬೆರಳ ಉಗುರಿನಷ್ಟಿದ್ದ ಒಂದು ಏಡಿಯ ಚಿತ್ರವನ್ನು.

ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಅಳಿವೆಯ ಕೆಸರಿನಲ್ಲಿ ಅವರಿಗೆ ಸಿಕ್ಕಿದ್ದ ಈ ಏಡಿಯ ಒಂದು ಕೈ ಮೈಯಷ್ಟೇ ದೊಡ್ಡದು, ಇನ್ನೊಂದು ಭತ್ತದ ಹೊಟ್ಟಿನಷ್ಟು. ಇಂಥ ಏಡಿಗಳು ಬೇರೆ ಕಡೆ ಇದ್ದರೂ ಈ ಜಾತಿಯದನ್ನು ಹಿಂದೆ ಯಾರೂ ಕಂಡಿಲ್ಲವೆಂದು ಅವರು ಕಲ್ಕತ್ತದ ವಿಜ್ಞಾನ ಪತ್ರಿಕೆಯೊಂದಕ್ಕೆ ಲೇಖನ ಕಳುಹಿಸಿದ್ದರು. ಲೇಖನ ಒಪ್ಪಿಗೆಯಾಗಿದೆ, ಚಿತ್ರ ಮಾತ್ರ ಹೊಸದಾಗಿ ಬೇಕು ಎಂದು ಉತ್ತರ ಬಂದಿತ್ತು. ಅಚ್ಚಿನಲ್ಲಿ ಬರುವುದರ ಎರಡರಷ್ಟು ದೊಡ್ಡದಾಗಿ ಬರೆಯಬೇಕು. ನೆರಳನ್ನು ಬಳಿಯಬಾರದು, ಕರಿ ಚುಕ್ಕಿಯಲ್ಲೇ ತೋರಿಸಬೇಕು. ಈ ದಿನದ ಟಪಾಲು ತಪ್ಪಿದರೆ ವಾಯಿದೆ ತಪ್ಪಿತು. ಅಚ್ಚಿನಲ್ಲಿ ತನ್ನ ಹೆಸರು ಕಾಣುವ ಆಸೆಯೂ ಅಲ್ಲಿಗೆ ಮುಗಿಯಿತು. ತಂದ ಹಾಳೆಗಳಲ್ಲಿ ಹಾಳಾಗದೆ ಉಳಿದದ್ದು ಒಂದೇ.

ಬೆಳಿಗ್ಗೆ ಮೊದಲು ಬಂದವರು ಪಕ್ಕದ ಮನೆಯ ಸರಸಕ್ಕ.

"ಎಂತ ಮಾಸ್ಟ್ರೆ, ಏಡಿಗ್ ಜಾತ್ಕ ಮಾಡ್ತ್ರಿಯಾ?"

"ಮುಟ್ಬೇಡಿ ಸರಸಕ್ಕ!"

ಅಷ್ಟರಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ ಅವರ ಬೆರಳು ಚಿತ್ರದ ಏಡಿಯ ಬೆನ್ನನ್ನು ಸವರಿಯಾಗಿತ್ತು. ಎಣ್ಣೆ ಕುಡಿದ ಕಾಗದ ಮಸಿ ಹಿಡಿಯುವುದಿಲ್ಲ. ಮಾಸ್ತರರು ತಲೆ ಮೇಲೆ ಕೈಯಿಟ್ಟರು. ಹೆಂಡತಿ ಉಮಾವತಿ ಅಕ್ಕಿಹಿಟ್ಟು ಉದುರಿಸಿದಳು. ಎಣ್ಣೆಯೇನೋ ಹೋಯಿತು, ಹಿಟ್ಟಿನ ವಾಸನೆಗೆ ಇರುವೆ ಬಂತು. ಯಾವುದು ಚುಕ್ಕಿ, ಯಾವುದು ಇರುವೆ ಎಂದು ತಿಳಿಯದೆ ಮಾಸ್ತರರು ಒಂದು ಇರುವೆಗೂ ಮಸಿ ಹಚ್ಚಿದರು. ಅದು ಏಡಿಯ ಬೆನ್ನಿನಿಂದ ಇಳಿದು ನಡೆದುಹೋದಾಗಲೇ ಅವರಿಗೆ ತಿಳಿದದ್ದು.

ಆಗ ಬಂದವನು ಚೌತಿಗೆ ಮಣ್ಣಿನ ಗಣಪತಿ ಮಾಡುವ ಚಂದಯ್ಯ. ಸ್ಪಿರಿಟ್ಟಿನ ಶೀಶೆಯಿಂದ ತೆಗೆದು ಮಸೂರದ ಕೆಳಗಿಟ್ಟಿದ್ದ ಏಡಿಯ ಮೇಲೆ ಬಗ್ಗಿದವನು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಎತ್ತಿದಾಗ ದನಿ ತಗ್ಗಿತ್ತು, ಗರ್ಭಗುಡಿಯ ಎದುರು ನಿಂತವನ ಹಾಗೆ.

"ಮಾಸ್ಟ್ರೆ, ಇದನ್ನ ಮಾಡದ್ ಯಾರ್?"

"ಮಾಡುಕೆ ಅದೆಂತ ಗಣಪ್ತಿಯಾ? ತನ್ನಷ್ಟಕ್ಕೇ ಆದ್ದ್."

"ಸುಮ್ನಿರಿ. ಕಣ್ಣ್ ಕಡ್ಡಿ ಮೇಲ್ ಇತ್ತ್. ಕಾಲಿನ್ ರೋಮ ಒಂದೊಂದೂ ಬಾಚಿ ಇಟ್ಟಾಂಗ್ ಇತ್ತ್. ತಲೆ ನರೆವಷ್ಟ್ ವರ್ಷ ಮೂರ್ತಿ ಮಾಡ್ದೆ. ಇಂಥ ಕೆಲ್ಸ ನನ್ನ ಕೈಯಗೆ ಒಂದಿನವೂ ಬರ್ಲಿಲ್ಲೆ."

ಸರಸಕ್ಕನೂ ನೋಡಿದರು. "ಅಬ್ಬ! ಇಷ್ಟ್ ಸಣ್ಣದಕ್ಕೆ ಇಷ್ಟೆಲ್ಲ ಎಂತಕೆ ಬೇಕಿತ್ತ್ ದೇವ್ರಿಗೆ?" ಎಂದರು. ಉಮಾವತಿ ನೋಡಿದವಳು ಒಲೆಯ ಮೇಲಿನ ಗಂಜಿಯನ್ನೇ ಮರೆತಳು.

ಊಟದ ಹೊತ್ತು ಮೀರಿದ ಮೇಲೆ ಕೊನೆಯ ಚುಕ್ಕಿ ಬಿತ್ತು. ಮಾಸ್ತರರ ಬೆರಳು ಕೊಕ್ಕೆಯಾಗಿತ್ತು.

"ಮಸಿ ಒಣ್ಗ್ಲಿ, ನೀವ್ ಮಿಂದ್ ಉಂಡ್ಕಂಡ್ ಬನ್ನಿ," ಎಂದ ಚಂದಯ್ಯ. "ಕೋಳಿ, ಇರುವೆ, ಸರಸಕ್ಕ, ಯಾರನ್ನೂ ಹತ್ರ ಬಿಡುದಿಲ್ಲೆ."

ಮಿಂದು ಉಂಡ ಮಾಸ್ತರರು ಗೋಡೆಗೆ ಒರಗಿದ್ದೇ ನಿದ್ದೆ ಹೋದರು. ಉಮಾವತಿ ಎಬ್ಬಿಸಿದಾಗ ಕಟ್ಟು ತಯಾರಾಗಿತ್ತು. ಎರಡು ರಟ್ಟಿನ ನಡುವೆ ಚಿತ್ರ, ಸುತ್ತ ಬಿಳಿ ಬಟ್ಟೆ, ನಾಲ್ಕೂ ಬದಿ ಬಿಗಿಯಾದ ಹೊಲಿಗೆ.

"ಒಂದ್ಸಲ ಕಾಂತಿದ್ದೆ ನಾನ್..." ಮಾಸ್ತರರು ಹೊಲಿಗೆ ಬಿಚ್ಚಲು ಕೈ ಚಾಚಿದರು.

"ಹ್ವಾಯ್, ಟಪಾಲಿನ್ ಹೊತ್ತಾಯ್ತ್! ಓಡಿ!" ಎಂದಳು ಉಮಾವತಿ.

ಮಾಸ್ತರರು ಓಡಿದರು. ರಿಜಿಸ್ಟರ್ ಮಾಡಿ ರಶೀದಿ ಕಿಸೆಗೆ ಹಾಕಿಕೊಂಡು, ಮಗಳನ್ನು ಧಾರೆಯೆರೆದು ಕೊಟ್ಟವರ ಹಾಗೆ ನಿಧಾನವಾಗಿ ಮನೆಗೆ ಬಂದರು.

ತಿಂಗಳಾದ ಮೇಲೆ ಸಂಪಾದಕರ ಕಾಗದ ಬಂತು. ಇಂಗ್ಲಿಷಿನ ಆ ಕಾಗದವನ್ನು ಮಾಸ್ತರರು ನಿಂತಲ್ಲೇ ಓದಿದರು. "ನಿಮ್ಮ ಚಿತ್ರ ನೋಡಿ ನಾವೆಲ್ಲ ಬೆರಗಾಗಿದ್ದೇವೆ. ಎರಡು ಕೈಯೂ ಒಂದೇ ಸಮ ದೊಡ್ಡದಾಗಿರುವ ಇಂಥ ಏಡಿಯನ್ನು ಇಲ್ಲಿ ಯಾರೂ ಕಂಡಿಲ್ಲ. ಆದರೆ ಲೇಖನದಲ್ಲಿ ಒಂದೇ ದೊಡ್ಡ ಕೈ ಎಂದು ಬರೆದಿದ್ದೀರಿ. ಏಡಿಯನ್ನು ಕೂಡಲೇ ಕಳುಹಿಸಿ. ನೋಡಿದ ಮೇಲೆ ಅಚ್ಚು ಮಾಡುತ್ತೇವೆ."

ಮಾಸ್ತರರು ಇನ್ನೊಮ್ಮೆ ಓದಿದರು. ಆಮೇಲೆ ಚಪ್ಪಲಿ ಮೆಟ್ಟದೆಯೇ ಚಂದಯ್ಯನ ಮನೆಗೆ ನಡೆದರು.

"ಎಂತ ಮಾಡ್ದೆ ಮಾರಾಯ ನೀನು?"

ಚಂದಯ್ಯನ ಮುಖ ಅರಳಿತು. "ಗೊತ್ತಾಯ್ತಾ? ಗೆರೆ ನಂದ್, ಚುಕ್ಕಿ ನಿಮ್ಮನೆ ಉಮಾವತಮ್ಮಂದ್. ರಂಗೋಲಿ ಹಾಕಿ ಪಳಗಿದ ಕೈ ಅಲ್ದಾ? ಕಾಣಿ ಮಾಸ್ಟ್ರೆ, ಅಂಗ ಊನ ಇಪ್ಪ ರೂಪವನ್ನ ನಮ್ಮಲ್ಲಿ ಹೊಸ್ಲ್ ದಾಟ್ಸುದಿಲ್ಲೆ. ಅಷ್ಟ್ ಚಂದ ಮಾಡ್ದವ ಒಂದ್ ಕೈಯನ್ನ ಅರ್ಧಕ್ಕೇ ಬಿಟ್ಟಿದ್ದ. ಎಂಥ ಕೆಲ್ಸ್ದವಂಗೂ ಒಂದೊಂದ್ಸಲ ಮರೀತ್. ನಾವ್ ಪೂರ್ತಿ ಮಾಡ್ದ್ರೆ ಅವ ಬೇಜಾರ್ ಮಾಡ್ಕಂತ್ನಾ?"

ಮಾಸ್ತರರು ಮನೆಗೆ ಬಂದು ಆದದ್ದನ್ನು ಆದ ಹಾಗೆ ಕಲ್ಕತ್ತಕ್ಕೆ ಬರೆದರು, ಇನ್ನೊಂದು ಚಿತ್ರ ಬರೆದು ಕಳುಹಿಸುತ್ತೇನೆ ಎಂದೂ ಸೇರಿಸಿದರು.

ಉತ್ತರ ಬೇಗ ಬಂತು. ವಾಯಿದೆ ಮುಗಿದಿದೆ, ಇಂಥ ಚಿತ್ರ ಒಮ್ಮೆ ಬಂದ ಮೇಲೆ ಆ ಲೇಖನವನ್ನು ಅಚ್ಚು ಮಾಡುವ ಧೈರ್ಯ ನಮಗಿಲ್ಲ. ಚಿತ್ರಕ್ಕೆ ಮಾತ್ರ ಗಾಜಿನ ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗಿದ್ದೇವೆ, ಬಂದವರೆಲ್ಲ ನಿಂತು ನೋಡುತ್ತಿದ್ದಾರೆ. ಕೆಳಗೆ ಬರೆಸಬೇಕಾಗಿದೆ, ಆ ಇನ್ನೊಂದು ಕೈ ಬರೆದವರ ಹೆಸರನ್ನು ದಯವಿಟ್ಟು ತಿಳಿಸಿ.

ಮಾಸ್ತರರು ಚಂದಯ್ಯನ ಹೆಸರನ್ನೂ ಉಮಾವತಿಯ ಹೆಸರನ್ನೂ ಬರೆದು ಕಳುಹಿಸಿದರು. ಲೇಖನ ಹೋಯಿತು, ಕೊನೆಯ ಹಾಳೆ ಹೋಯಿತು, ಅವರ ಹೆಸರು ಎಲ್ಲಿಯೂ ಬರಲಿಲ್ಲ. ಏಡಿ ಮಾತ್ರ ಶೀಶೆಯಲ್ಲಿ ಉಳಿಯಿತು.