ಎರಡು ಚಿಲಕ, ಒಂದೇ ಗುಳಿಗಿ

ನಮ್ಮ ಕಡೆ ಎಚ್‌ಐವಿ ಗುಳಿಗಿಗೆ ಆಳಂದದವರು ಜೇವರ್ಗಿಗೆ ಹೋಗ್ತಾರ, ಜೇವರ್ಗಿಯವರು ಆಳಂದಕ್ಕ ಬರ್ತಾರ. ಗುರ್ತಿನವರು ನೋಡಬಾರದಲ್ರಿ! ಅಫಜಲಪುರ ಹಿಡದು ಮೂರೂ ತಾಲೂಕು ತಿರುಗೋ ಸಮಾಲೋಚಕಿ ನಾನು. ಎಲ್ಲರ ಗುಟ್ಟೂ ನನ್ನ ಹೊಟ್ಟ್ಯಾಗ. ಹೊಟ್ಟಿ ತಡೀಬೇಕಲ್ಲ?

೧. ಜೇವರ್ಗಿ

ಆಳಂದ ತಾಲೂಕಿನ ನಿಂಬರ್ಗಾದಿಂದ ಮನಿ ಕಟ್ಟೋ ಗೌಂಡಿ ಒಬ್ಬಾವ ಬಂದಿದ್ದ. "ಹೆಂಡ್ತಿಗೆ ಹೇಳಿ, ಆಕಿದೂ ಪರೀಕ್ಷೆ ಮಾಡಸ್ರಿ" ಅಂದ್ರ, "ಮಕ್ಕಳ್ನ ಕರ್ಕೊಂಡು ತವರಿಗೆ ಹೋಗಿಬಿಡ್ತಾಳ್ರಿ" ಅಂದ. ಕುಂತಲ್ಲಿ ಕುಂದ್ರವಲ್ಲ, ನಿಂತಲ್ಲಿ ನಿಂದ್ರವಲ್ಲ.

ರೋಗ ಮೈಯಾಗ ಹೆಂಗ ಹೊಗತದಂತ ಗೌಂಡಿಗೆ ತಿಳಿಯೋಹಂಗ ಹೇಳಿದೆ: "ಮೈ ಕಾಯೋ ಕಣಗಳ ಬಾಗಿಲಿಗೆ ಎರಡು ನಮೂನಿ ಚಿಲಕ ಇರ್ತಾವ. ಮೊದಲಿಗೆ ಹೊಕ್ಕೋ ವೈರಸ್ ಹೆಚ್ಚಾಗಿ ಒಂದು ಚಿಲಕ ತಗದು, ಹೊಲಸು ತಿನ್ನೋ ಕಣಕ್ಕೂ ಹಳೇ ಸಿಪಾಯಿ ಕಣಕ್ಕೂ ನುಗ್ತದ. ಕೆಲವರೊಳಗ ಮುಂದ ಇನ್ನೊಂದು ನಮೂನಿದು ಹುಟ್ಟಿ, ಎರಡನೇ ಚಿಲಕ ತಗದು, ಲಡಾಯಿನ ನೋಡಲಾರದ ಹೊಸ ಸಿಪಾಯಿಗಳನ್ನೂ ಹಿಡೀತದ."

"ನಂದು ಆ ತಿನ್ನೋರ್ನ ಹಿಡ್ಯೋದ ಇರ್ಲಿ ಬಿಡ್ರಿ. ನಮ್ಮನ್ಯಾಗ ತಿನ್ನೋರು ಭಾಳ ಆಗ್ಯಾರ."

೨. ಅಫಜಲಪುರ

ಮುಂದ ಸ್ವಲ್ಪ ದಿನಕ್ಕ ತೊಗರಿ ಹೊಲದ ಕೂಲಿ ಹೆಣ್ಮಗಳು ಬಂದಳು. ಜ್ವರ ಬಿಡಲಿಲ್ಲಂತ ಪರೀಕ್ಷೆ ಮಾಡಸ್ಕೊಂಡಿದ್ದಳಂತ. ಗಂಡನ ಹೆಸರು, ಊರು ಕೇಳಿದೆ. ಅದೇ ಗೌಂಡಿ!

"ಗಂಡಗ ಹೇಳವ್ವಾ."

"ಮನಿ ಬಿಟ್ಟು ಹೊರಗ ಹಾಕ್ತಾರ್ರೀ ಅಕ್ಕಾರ."

ಅಯ್ಯ ಶಿವನ! ಒಬ್ಬರದು ಒಬ್ಬರಿಗೆ ಹೇಳೋಹಂಗಿಲ್ಲ. ನಾಲಿಗಿ ಕಚ್ಚಿಕೊಂಡು ಚಿಲಕದ ಕಥಿ ಹೇಳಿದೆ.

"ಎರಡು ಚಿಲಕಕ್ಕ ಎರಡು ನಮೂನಿ ಗುಳಿಗೇನ್ರಿ?"

"ಇಲ್ಲವಾ, ಇವೇ ಗುಳಿಗಿ ಎರಡಕ್ಕೂ ನಡೀತಾವ. ಯಾವ ಬಾಗಿಲಿಂದ ಬಂದ್ರೂ ವೈರಸ್ಸಿಗೆ ಮಕ್ಕಳು ಮರಿ ಆಗದಂಗ ತಡೀತಾವ."

"ಮಕ್ಕಳಾಗದ ಆಪರೇಷನ್ ಅನ್ರಿ! ನನ್ನ ಗಂಡ ಅದಕ್ಕ ಹೆದರಿ ದವಾಖಾನಿಂದ ಓಡಿಬಂದಿದ್ದ, ವೈರಸ್ಸರ ಮಾಡಸ್ಕೊಳ್ಳಾಕತ್ತದಲ್ಲ!"

ನಕ್ಕೆ ಖರೆ. ಆದ್ರ ಅವತ್ತಿಂದ ಊಟ ಸೇರಲಿಲ್ಲ.

೩. ಆಳಂದ

ಒಂದಿನ ಬಸ್ ಬಂದ್. ಜೇವರ್ಗಿ ಮುಟ್ಟಲಾರದ ಗೌಂಡಿ ಇಲ್ಲೇ ಬಂದು, ಗುಳಿಗಿ ಡಬ್ಬಿ ಚೀಲಕ್ಕ ಹಾಕ್ಕೊಳ್ಳಾಕತ್ತಿದ್ದ. ಕಿಟಕ್ಯಾಗ ನೋಡ್ತೇನಿ, ಅಫಜಲಪುರಕ್ಕ ಹೋಗಲಾರದ ಅವನ ಹೆಂಡ್ತಿನೂ ಟಂಟಂ ಆಟೋ ಇಳದು ಬರಾಕತ್ತಾಳ! ಕೂಗೋಹಂಗಿಲ್ಲ, ತಡಿಯೋಹಂಗಿಲ್ಲ.

ಆಕಿ ಬಾಗಿಲದಾಗ ನಿಂತಳು. ಗಂಡನ್ನ ನೋಡಿದಳು, ಕೈಯಾಗಿನ ಡಬ್ಬಿ ನೋಡಿದಳು.

ಅವಾ ತೊದಲಿದ: "ಗೆ... ಗೆಳ್ಯಾಗ ಒಯ್ಯಾಕ ಬಂದೇನಿ."

ಆಕಿ ಸೆರಗಿನಿಂದ ಕಣ್ಣು ಒರಸಿಕೊಂಡಳು. ತನ್ನ ಚೀಲದಾಗಿಂದ ಖಾಲಿ ಡಬ್ಬಿ ತಗದು ನನ್ನ ಟೇಬಲ್ ಮ್ಯಾಲಿಟ್ಟಳು.

"ನಾನೂ ಆ ನಿಮ್ಮ ಗೆಳ್ಯಾನ ಹೆಂಡ್ತಿಗೆ ಒಯ್ಯಾಕ ಬಂದೇನ್ರಿ. ತಡೀರಿ, ಇಬ್ಬರೂ ಕೂಡೇ ಹೋಗಿ ಕೊಡೂಣು."